ಲಕ್ವಕ್ಕೆ ಚೀನೀ ಗುಳಿಗೆ: ನರರೋಗ ತಜ್ಞರ ಉತ್ತರ

ಪ್ರಶ್ನೆ: ಸಿಂಗಪುರದಲ್ಲಿರುವ ಮಗ ಬಂಗಾರದ ಹಾಳೆ ಸುತ್ತಿದ ‘ಆನ್‌ಗೊಂಗ್ ನಿಯುಹುವಾಂಗ್’ ಗುಳಿಗೆ ತಂದುಕೊಟ್ಟಿದ್ದಾನೆ. ಲಕ್ವ ಹೊಡೆದ ತಕ್ಷಣ ಕೊಡಬೇಕಂತೆ. ಯಜಮಾನರಿಗೆ ಬಿ.ಪಿ. ಇದೆ. ಮನೆಯಲ್ಲಿಟ್ಟುಕೊಳ್ಳಲೇ?

ಉತ್ತರ: ಇಟ್ಟುಕೊಳ್ಳಿ, ಷೋಕೇಸಿನಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ. ಬಾಯಿಗೆ ಮಾತ್ರ ಹಾಕಬೇಡಿ.

ಇದನ್ನೇ ಎಷ್ಟೋ ಮಂದಿ ಕೇಳಿದ್ದಾರೆ, ಒಮ್ಮೆ ಬಿಡಿಸಿ ಹೇಳಿಬಿಡುತ್ತೇನೆ. 1798ರಲ್ಲಿ ವೂ ಜುಟೊಂಗ್ ಎಂಬ ವೈದ್ಯ ಬರೆದಿಟ್ಟ ಔಷಧ ಇದು. ಮುಖ್ಯವಾಗಿ ಜ್ವರ ತಲೆಗೇರಿ ಪ್ರಜ್ಞೆ ತಪ್ಪಿದವರಿಗೆ. ಮೂಲದಲ್ಲಿ ಗೋರೋಚನ, ಕಸ್ತೂರಿ, ಖಡ್ಗಮೃಗದ ಕೊಂಬು (1993ರಲ್ಲಿ ಚೀನಾ ಅದನ್ನು ನಿಷೇಧಿಸಿತು, ಈಗ ಎಮ್ಮೆ ಕೊಂಬು), ಜೊತೆಗೆ ಇಂಗಳೀಕ, ಮನಶ್ಶಿಲೆ. ಎಂದರೆ ಪಾದರಸ ಮತ್ತು ಆರ್ಸೆನಿಕ್. ಅದಕ್ಕಿಂತ ನನಗೆ ಭಯ ಬೇರೆ. ಲಕ್ವ ಹೊಡೆದವರಿಗೆ ಎಷ್ಟೋ ಸಲ ನುಂಗಲಾಗುವುದಿಲ್ಲ. ಅರೆದು ಬಾಯಿಗೆ ಸುರಿದರೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯ ಆಗಬಹುದು. ‘ಗುಳಿಗೆ ಕೊಟ್ಟಾಯಿತು, ನೋಡೋಣ’ ಎಂದು ಕೂತವರು ಆಸ್ಪತ್ರೆ ತಲುಪುವುದೂ ತಡ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ. ರಕ್ತ ಹೆಪ್ಪುಗಟ್ಟಿದೆಯೋ, ನಾಳ ಒಡೆದಿದೆಯೋ ಎಂಬುದು ಸಿ.ಟಿ. ಸ್ಕ್ಯಾನ್ ಮಾಡದೆ ನನಗೂ ಗೊತ್ತಾಗುವುದಿಲ್ಲ, ಬೀಜಿಂಗಿನ ನಾಡಿವೈದ್ಯರಿಗೂ ಗೊತ್ತಾಗುವುದಿಲ್ಲ. ಅಲ್ಲಿನ ದೊಡ್ಡ ಆಸ್ಪತ್ರೆಗಳಲ್ಲೂ ಮೊದಲು ಸಿ.ಟಿ.ಯೇ.

ಚೀನೀಯರನ್ನು ಒಂದು ವಿಷಯಕ್ಕೆ ಮೆಚ್ಚುತ್ತೇನೆ: ತಮ್ಮ ಔಷಧವನ್ನು ತಾವೇ ಒರೆಗೆ ಹಚ್ಚುತ್ತಾರೆ. ಈ ಗುಳಿಗೆಯಲ್ಲ, ಇನ್ನೊಂದು ಗಿಡಮೂಲಿಕೆ ಔಷಧವನ್ನು 26 ಆಸ್ಪತ್ರೆಗಳಲ್ಲಿ, ಮಿದುಳಿನ ರಕ್ತಸ್ರಾವವಾದ 1,648 ಜನರ ಮೇಲೆ ನೋಡಿದರು. ಕೆಲವರಿಗೆ ಔಷಧ, ಕೆಲವರಿಗೆ ಬರೀ ಹುಸಿಮದ್ದು. ಮೂರು ತಿಂಗಳಾದ ಮೇಲೆ ಇಬ್ಬರ ಸ್ಥಿತಿಯೂ ಒಂದೇ. 2024ರಲ್ಲಿ ಅದನ್ನು ಮುಚ್ಚಿಡದೆ ಪ್ರಕಟಿಸಿದರು. ನಮ್ಮಲ್ಲಿ ಲಕ್ವಕ್ಕೆ ಪಾರಿವಾಳದ ರಕ್ತ ಹಚ್ಚುವವರು ಅಷ್ಟಾದರೂ ಮಾಡಿ ತೋರಿಸಲಿ.

ಅಂದಹಾಗೆ, ಯಜಮಾನರು ಬಿ.ಪಿ. ಮಾತ್ರೆ ದಿನಾ ನುಂಗುತ್ತಾರೋ ಇಲ್ಲವೋ ನೀವು ಬರೆದೇ ಇಲ್ಲ. ನನಗೆ ಬೇಕಿದ್ದದ್ದು ಅದು.

ಪ್ರಶ್ನೆ: ಹತ್ತೂ ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆದರೆ ಲಕ್ವ ನಿಲ್ಲುತ್ತದೆಂದು ಚೀನೀ ಪ್ರೊಫೆಸರ್ ಹೇಳಿದ್ದಾರೆ ಅಂತ ವಾಟ್ಸಾಪಿನಲ್ಲಿ ಬಂದಿದೆ. ನಿಜವೇ?

ಉತ್ತರ: ಸುಳ್ಳು. ಸೂಜಿ ಹುಡುಕುವ ಹೊತ್ತಿಗೆ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಅತ್ತೆಗೆ ಲಕ್ವವಾಗಿ ಮೂರು ತಿಂಗಳಾಯಿತು. ಅಕ್ಯುಪಂಕ್ಚರ್ ಮಾಡಿಸಬಹುದೇ?

ಉತ್ತರ: ಫಿಸಿಯೊಥೆರಪಿ ನಿಲ್ಲಿಸುವುದಿಲ್ಲ ಎಂದರೆ, ಪ್ರತಿ ಸಲ ಹೊಸ ಸೂಜಿ ಬಳಸುತ್ತಾರೆಂದರೆ, ನನ್ನ ತಕರಾರಿಲ್ಲ. ಭರವಸೆಯನ್ನೂ ಕೊಡಲಾರೆ.

ಪ್ರಶ್ನೆ: ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ಜೊತೆ ಚೀನೀ ದಾನ್‌ಶೆನ್ ಬೇರಿನ ಕ್ಯಾಪ್ಸೂಲ್ ತೆಗೆದುಕೊಳ್ಳಬಹುದೇ? ಗಿಡಮೂಲಿಕೆ ತಾನೇ?

ಉತ್ತರ: ಬೇಡ. ವಾರ್ಫರಿನ್ನಿನ ಪ್ರಭಾವ ಏರಿ ರಕ್ತಸ್ರಾವವಾಗಬಹುದು. ಈಗಾಗಲೇ ನುಂಗುತ್ತಿದ್ದರೆ ಇವತ್ತೇ ನಿಮ್ಮ ಡಾಕ್ಟರಿಗೆ ತಿಳಿಸಿ ಐ.ಎನ್.ಆರ್. (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಪರೀಕ್ಷೆ) ನೋಡಿಸಿ.