ಹನ್ನೆರಡನ್ನು ಐದರಿಂದ ಗುಣಿಸಬೇಡಿ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

"ಮೇಡಂ, ಮೈಸೂರಿನಲ್ಲಿದ್ದಾಗ ನಮ್ಮ ಮಗಳು ತೊಂಬತ್ತೈದಕ್ಕಿಂತ ಕಮ್ಮಿ ತೆಗೆದವಳೇ ಅಲ್ಲ. ಇಲ್ಲಿ ಅರವತ್ತು ಪರ್ಸೆಂಟ್ ಬಂದಿದೆ."

ಮಗಳ ಬಗ್ಗೆ ನನ್ನ ಸಲಹೆ ಕೇಳಿ ಮಾಡಿದ ವಿಡಿಯೊ ಕರೆಯಲ್ಲಿ ತಾಯಿ ಮೊದಲು ಹೇಳಿದ್ದೇ ಇದು. ಗಂಡನಿಗೆ ಫ್ರಾನ್ಸಿನ ತುಲೂಸ್‌ನಲ್ಲಿ ವಿಮಾನ ಉದ್ಯಮದ ಕೆಲಸ. ಮಗಳಿಗೆ 12 ವರ್ಷ, ಸೆಪ್ಟೆಂಬರಿನಲ್ಲಿ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿದ್ದಳು. ಡಿಸೆಂಬರಿನ ಹೊತ್ತಿಗೆ ಸೋಮವಾರ ಬಂತೆಂದರೆ ಹೊಟ್ಟೆನೋವು. ಡಾಕ್ಟರು ನೋಡಿ ದೇಹದಲ್ಲಿ ಏನೂ ತೊಂದರೆ ಇಲ್ಲ ಅಂದಿದ್ದರು.

ಹುಡುಗಿಯ ಜೊತೆ ಒಬ್ಬಳೇ ಮಾತಾಡಬೇಕು ಅಂದೆ. ಹತ್ತು ನಿಮಿಷ ಬರೀ ಹೂಂ, ಊಹೂಂ. ಆಮೇಲೆ, "ಆಂಟಿ, ಬೋರ್ಡ್ ಮೇಲೆ ಬರೆದದ್ದು ಓದೋಕೇ ಆಗಲ್ಲ" ಅಂದಳು. ಅಲ್ಲಿ ಮಕ್ಕಳು ಮೊದಲ ತರಗತಿಯಿಂದಲೇ ಅಕ್ಷರ ಕೂಡಿಸಿ (ಕರ್ಸಿವ್) ಬರೆಯುತ್ತಾರೆ. ಟೀಚರ್ ಬೋರ್ಡ್ ಮೇಲೆ ಬರೆಯುವುದೂ ಹಾಗೇ. ಬಿಡಿ ಅಕ್ಷರ ಕಲಿತ ಈ ಮಗುವಿಗೆ ಭಾಷೆಯ ಜೊತೆಗೆ ಅಕ್ಷರವೂ ಹೊಸದು. ಗಣಿತದಲ್ಲಿ ಉತ್ತರ ಸರಿಯಿದ್ದರೂ ಅಂಕ ಕಟ್, ಯಾಕೆಂದರೆ ಆ ಉತ್ತರ ಹೇಗೆ ಬಂತು ಅಂತ ವಾಕ್ಯದಲ್ಲಿ ಬರೆದಿರಲಿಲ್ಲ. ಉಕ್ತಲೇಖನದಲ್ಲಿ ತಪ್ಪಿಗೊಂದರಂತೆ ಕಳೆದು ಸೊನ್ನೆ.

ಎಲ್ಲಕ್ಕಿಂತ ಹೆಚ್ಚು ನೋವಾಗಿದ್ದು ಅಜ್ಜಿಯ ಫೋನಿನಿಂದ. "ಏಳನೇ ಕ್ಲಾಸಿಂದ ಐದಕ್ಕೆ ಇಳಿಸಿದ್ದಾರಂತಲ್ಲೇ ಪುಟ್ಟಿ, ಫೇಲಾದ್ಯಾ?" ಅಂತ ಕೇಳಿದ್ದರಂತೆ. ಫ್ರಾನ್ಸಿನಲ್ಲಿ ಕೊಲೇಜ್ ಅಂದರೆ 11ರಿಂದ 15 ವರ್ಷದವರ ಶಾಲೆ. ಅಲ್ಲಿ ತರಗತಿಯ ಎಣಿಕೆ ಕೆಳಮುಖ: ಆರು, ಐದು, ನಾಲ್ಕು, ಮೂರು. ಆಮೇಲೆ ಲಿಸೇ ಎಂಬ ಮುಂದಿನ ಹಂತದ ಶಾಲೆಯಲ್ಲಿ ಎರಡು, ಒಂದು, ಕೊನೆಗೆ ತೆರ್ಮಿನಾಲ್ ಎಂಬ ಕಡೆಯ ತರಗತಿ. ಇವಳ ವಯಸ್ಸಿಗೆ ಐದೇ ಸರಿಯಾದ ತರಗತಿ.

ಮುಂದಿನ ವಾರ ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿಕೊಂಡೆ. ಪ್ರಗತಿ ಪತ್ರ ತೋರಿಸಿದರು. ಸರಾಸರಿ 20ಕ್ಕೆ 12. ಪಕ್ಕದಲ್ಲೇ ಇಡೀ ತರಗತಿಯ ಸರಾಸರಿ ಇತ್ತು: 13. ಅದನ್ನು ಇಬ್ಬರೂ ನೋಡಿರಲೇ ಇಲ್ಲ! ಶಾಲೆ ಮುಗಿಸುವಾಗ ಬರೆಯುವ ಬಾಕಲೋರಿಯಾದಲ್ಲಿ 10 ಬಂದರೆ ಪಾಸು, 12ಕ್ಕೆ 'ಸಾಕಷ್ಟು ಚೆನ್ನಾಗಿದೆ', 16 ಮುಟ್ಟಿದರೆ 'ತುಂಬ ಚೆನ್ನಾಗಿದೆ' ಎಂಬ ಮನ್ನಣೆ. ನಮ್ಮಲ್ಲಿ 80 ಪರ್ಸೆಂಟ್ ಬಂದ ಮಗುವಿಗೆ ಎಷ್ಟು ಮನೆಯಲ್ಲಿ ಬೈಗುಳ ಬೀಳುತ್ತದೆ ಅಂತ ನನಗೆ ಗೊತ್ತು. ಹಾಗಾಗಿ ಮೊದಲು ಹೇಳಿದ್ದು, ಆ 12ನ್ನು ಐದರಿಂದ ಗುಣಿಸಬೇಡಿ. ನಾಲ್ಕು ತಿಂಗಳಲ್ಲಿ ಹೊಸ ಭಾಷೆಯಲ್ಲಿ ಅಷ್ಟು ತೆಗೆದ ಮಗು ಹಿಂದೆ ಬಿದ್ದಿಲ್ಲ.

ಇನ್ನೊಂದು ವಿಷಯ ತಡವಾಗಿ ಹೊರಬಂತು. ಫ್ರೆಂಚ್ ಬಾರದೆ ಬಂದ ಮಕ್ಕಳಿಗಾಗಿ ಇರುವ ವಿಶೇಷ ತರಗತಿಗೆ ಅವಳು ಹೋಗುತ್ತಿದ್ದಳು. ಅದು ದಡ್ಡರ ಕ್ಲಾಸು ಅಂದುಕೊಂಡು, ಬಿಡಿಸಿ ಅಂತ ತಾಯಿ ಶಾಲೆಗೆ ಪತ್ರ ಬರೆದಿಟ್ಟಿದ್ದರು. ದಯವಿಟ್ಟು ಆ ಪತ್ರ ಕಳಿಸಬೇಡಿ ಅಂತ ಕೈಮುಗಿದು ಕೇಳಿದೆ. ದಿನದಲ್ಲಿ ಅವಳು ಭಯವಿಲ್ಲದೆ ಬಾಯಿ ಬಿಡುವ ಜಾಗ ಅದೊಂದೇ.

ಬುಧವಾರ ಮಧ್ಯಾಹ್ನ ಅಲ್ಲಿ ಶಾಲೆ ಇರುವುದಿಲ್ಲ. ಆ ಹೊತ್ತಿಗೆ ಇವರು ಭಾರತದ ಪಠ್ಯಕ್ರಮದ ಆನ್‌ಲೈನ್ ಟ್ಯೂಷನ್ ಹಾಕಿದ್ದರು, ಮುಂದೆ ವಾಪಸ್ ಬಂದರೆ ಕಷ್ಟವಾಗದಿರಲಿ ಅಂತ. ಅವರ ಆತಂಕ ಸುಳ್ಳಲ್ಲ. ಆದರೂ ಈ ವರ್ಷಕ್ಕೆ ನಿಲ್ಲಿಸಿ ಅಂದೆ. ತಂದೆ ಬೇಗ ಒಪ್ಪಿದರು, ತಾಯಿಗೆ ಎರಡು ವಾರ ಬೇಕಾಯಿತು. ತರಗತಿಯ ಮುಖ್ಯ ಟೀಚರನ್ನು ಭೇಟಿಯಾಗಿ ಕೈಬರಹದ ತೊಂದರೆ ಹೇಳಲು ತಿಳಿಸಿದೆ. ಅಜ್ಜಿಗೆ ತರಗತಿಯ ಲೆಕ್ಕ ವಿವರಿಸುವ ಕೆಲಸ ಹುಡುಗಿಗೇ ಬಿಟ್ಟೆ.

ಮಾರ್ಚಿನಲ್ಲಿ ಮತ್ತೆ ಮಾತಾಡಿದೆವು. ಸೋಮವಾರದ ಹೊಟ್ಟೆನೋವು ನಿಂತಿದೆ. ಬುಧವಾರ ಈಜಲು ಹೋಗುತ್ತಾಳೆ. ಉಕ್ತಲೇಖನ ಇರುವ ದಿನ ಮಾತ್ರ ಇನ್ನೂ ತಿಂಡಿ ಸೇರುವುದಿಲ್ಲ. ಅದಕ್ಕೆ ಶಾಲೆಯ ಮನಶ್ಶಾಸ್ತ್ರಜ್ಞರನ್ನು ಕಾಣಲು ಹೇಳಿದ್ದೇನೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಈ ಸಲ ತಾಯಿಯೇ ಸಮಯ ಗೊತ್ತು ಮಾಡಿಕೊಂಡಿದ್ದಾರೆ.