ಹತ್ತು ವರ್ಷ ಬೀಳದೆ ಓಡಿಸಿದವರ ಪ್ರಶ್ನೆಗೆ

ಹತ್ತು ವರ್ಷಗಳಲ್ಲಿ ಒಮ್ಮೆಯೂ ಬೈಕಿನಿಂದ ಬಿದ್ದಿಲ್ಲ, ಹಾಗಾದರೆ ನಾನು ಪಳಗಿದ ಸವಾರನಲ್ಲವೇ ಎಂದು ಕೇಳಿದ್ದೀರಿ. ಬೀಳದಿರುವುದು ಸಂತೋಷದ ವಿಷಯ, ಆದರೆ ಅದು ಕೌಶಲಕ್ಕೆ ಸಾಕ್ಷಿಯಾಗುವುದಿಲ್ಲ. ಎಷ್ಟೋ ಸಲ ಎದುರಿನವರು ಬ್ರೇಕ್ ಹಾಕಿ ನಮ್ಮನ್ನು ಉಳಿಸಿರುತ್ತಾರೆ. ಅದು ನಮ್ಮ ಗಮನಕ್ಕೂ ಬಂದಿರುವುದಿಲ್ಲ.

1981ರಲ್ಲಿ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಓಲಾ ಸ್ವೆನ್ಸನ್ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಗುಂಪಿನ ಶೇ 93 ಚಾಲಕರು ಕೌಶಲದಲ್ಲಿ ತಮ್ಮನ್ನು ಮೇಲಿನ ಅರ್ಧದಲ್ಲೇ ಇರಿಸಿಕೊಂಡಿದ್ದರು. ಅದೇ ವರ್ಷ ಬಂದ, ಅಮೆರಿಕದ ಸಂಶೋಧಕ ಹ್ಯಾರಿ ಹರ್ಟ್ ಅವರ ವರದಿ ನನ್ನನ್ನು ಇನ್ನೂ ಹೆಚ್ಚು ಕಾಡಿದೆ. ಲಾಸ್ ಏಂಜಲೀಸ್ ಭಾಗದ ಸುಮಾರು 900 ಬೈಕ್ ಅಪಘಾತಗಳನ್ನು ಅವರ ತಂಡ ಸ್ಥಳಕ್ಕೇ ಹೋಗಿ ಪರಿಶೀಲಿಸಿತ್ತು. ಆ ಸವಾರರಲ್ಲಿ ಶೇ 92 ಮಂದಿ ತಾವಾಗಿಯೇ, ಇಲ್ಲವೇ ಮನೆಯವರಿಂದ, ಗೆಳೆಯರಿಂದ ಕಲಿತವರು. (ನಾನೂ ಅಣ್ಣನಿಂದಲೇ ಕಲಿತೆ.) ತುರ್ತಿನಲ್ಲಿ ಅವರು ಹಿಂದಿನ ಬ್ರೇಕನ್ನು ಚಕ್ರ ಜಾರುವಷ್ಟು ಒತ್ತಿ, ಮುಂದಿನ ಬ್ರೇಕನ್ನು ಕಡಿಮೆ ಬಳಸುತ್ತಿದ್ದರು. ತಪ್ಪಿಸಿಕೊಳ್ಳಲು ಸಿಗುತ್ತಿದ್ದ ಸಮಯ ಎರಡು ಸೆಕೆಂಡಿಗೂ ಕಡಿಮೆ!

ಆದ್ದರಿಂದ ದಯವಿಟ್ಟು ಅಳತೆ ಮಾಡಿ ನೋಡಿ. ವಾಹನಗಳಿಲ್ಲದ ಒಣ ಜಾಗದಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಬಂದು, ಒಂದು ಗುರುತಿನ ಬಳಿ ಎರಡೂ ಬ್ರೇಕ್ ಹಿಡಿಯಿರಿ. ಮುಂದಿನ ಲಿವರನ್ನು ಥಟ್ಟನೆ ಹಿಸುಕದೆ ಹಂತಹಂತವಾಗಿ ಬಿಗಿಮಾಡಿ. ಭಾರ ಮುಂದಕ್ಕೆ ವಾಲಿದ ಮೇಲೆಯೇ ಆ ಟೈರಿಗೆ ಹಿಡಿತ ಹೆಚ್ಚುವುದು. ನಿಂತ ದೂರವನ್ನು ಅಳೆಯಿರಿ. 60ರ ವೇಗದಲ್ಲಿ ಬ್ರೇಕ್ ಹಿಡಿದ ಮೇಲಿನ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ.

ಜೊತೆಗೆ, ‘ಅಬ್ಬಾ, ಉಳಿದೆ’ ಎನಿಸಿದ ಕ್ಷಣಗಳನ್ನು ಒಂದು ವಾರ ಬರೆದಿಡಿ. ನನ್ನ ಮೊದಲ ವಾರದಲ್ಲಿ ಐದು ಇದ್ದವು. ಮೂರು ಒಂದೇ ತಿರುವಿನಲ್ಲಿ, ನಾನೇ ವೇಗವಾಗಿ ನುಗ್ಗಿದ್ದರಿಂದ.