ಪ್ರವೇಶಪತ್ರ ಬಂದಿದೆ, ಶಿಷ್ಯವೇತನ ಇಲ್ಲ: ತೋಟ ಅಡವಿಟ್ಟು ಪಿಎಚ್.ಡಿ.ಗೆ ಹೋಗಬಹುದೇ?

ಪ್ರಶ್ನೆ: ನಾನು 2022ರಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ (ಸಿಜಿಪಿಎ 10ಕ್ಕೆ 7.6) ಈಗ ಪದವಿಪೂರ್ವ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಅಡಿಕೆ ಸಿಪ್ಪೆಯಿಂದ ಇದ್ದಿಲು ತಯಾರಿಸಿ ಅದರಿಂದ ನೀರಿನ ಫ್ಲೋರೈಡ್ ತೆಗೆಯುವುದು ನನ್ನ ಪ್ರಾಜೆಕ್ಟ್ ಆಗಿತ್ತು. ವಿದೇಶದಲ್ಲಿ ಪಿಎಚ್.ಡಿ. ಮಾಡುವ ಆಸೆಯಿಂದ ಅರವತ್ತು ಪ್ರಾಧ್ಯಾಪಕರಿಗೆ ಮೇಲ್ ಕಳಿಸಿದೆ. ಇಬ್ಬರು ಮಾತ್ರ ಉತ್ತರಿಸಿ, ಜಾಗವಿಲ್ಲ ಎಂದರು. ಈಗ ಏಜೆಂಟರೊಬ್ಬರ ಮೂಲಕ ಬ್ರಿಟನ್ನಿನಿಂದ ಪ್ರವೇಶಪತ್ರ ಬಂದಿದೆ, ಆದರೆ ಶಿಷ್ಯವೇತನ ಇಲ್ಲ. 'ಮೊದಲು ಸೇರಿಕೊಳ್ಳಿ, ಅಲ್ಲಿಗೆ ಹೋದ ಮೇಲೆ ಹಣದ ವ್ಯವಸ್ಥೆ ಆಗುತ್ತದೆ' ಎನ್ನುತ್ತಾರೆ. ಅಪ್ಪ ತೋಟದ ಮೇಲೆ ಮೂವತ್ತು ಲಕ್ಷ ಸಾಲ ಎತ್ತಲು ಸಿದ್ಧರಿದ್ದಾರೆ. ಏನು ಮಾಡಲಿ? ನನ್ನ ಮೇಲ್‌ನ ಪ್ರತಿಯನ್ನೂ ಲಗತ್ತಿಸಿದ್ದೇನೆ.
(ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಸಾಲ ಮಾಡಬೇಡಿ. ಈ ಒಂದು ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲದ್ದರಿಂದ ಅದನ್ನೇ ಮೊದಲು ಬರೆಯುತ್ತಿದ್ದೇನೆ.

ಲೆಕ್ಕವನ್ನು ತಂದೆಯವರ ಜೊತೆ ಕುಳಿತು ಹಾಕಿ ನೋಡಿ. ಬ್ರಿಟನ್ನಿನಲ್ಲಿ ಪ್ರಯೋಗಾಲಯ ಬೇಕಾಗುವ ವಿಷಯಗಳಿಗೆ ವಿದೇಶಿ ವಿದ್ಯಾರ್ಥಿಗಳ ವಾರ್ಷಿಕ ಶುಲ್ಕವೇ ಸಾಮಾನ್ಯವಾಗಿ ಇಪ್ಪತ್ತೈದು ಸಾವಿರ ಪೌಂಡಿನ ಆಸುಪಾಸಿನಲ್ಲಿರುತ್ತದೆ; ಅದರ ಮೇಲೆ ಕೆಲವು ವಿಭಾಗಗಳು ಪ್ರಯೋಗಾಲಯದ ಖರ್ಚಿಗೆಂದು ಬೆಂಚ್ ಫೀ ಬೇರೆ ವಸೂಲಿ ಮಾಡುತ್ತವೆ, ವೀಸಾದೊಂದಿಗೆ ಆರೋಗ್ಯ ಸೇವೆಗೆಂದು ವರ್ಷಕ್ಕೆ 776 ಪೌಂಡ್ ಮುಂಗಡ ಕಟ್ಟಬೇಕು, ಊಟ ಬಾಡಿಗೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಅಂದರೆ ನಿಮ್ಮ ಮೂವತ್ತು ಲಕ್ಷ ಮೊದಲ ವರ್ಷದ ಶುಲ್ಕಕ್ಕೆ ಸರಿಹೋಗುತ್ತದೆ, ಪಿಎಚ್.ಡಿ. ಮುಗಿಯಲು ಮೂರೂವರೆಯಿಂದ ನಾಲ್ಕು ವರ್ಷ ಬೇಕು. ಸೇರಿದ ಮೇಲೆ ಹಣ ಸಿಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಅಲ್ಲಿನ ಹೆಚ್ಚಿನ ವಿದ್ಯಾರ್ಥಿವೇತನಗಳು ಪಿಎಚ್.ಡಿ. ಆರಂಭವಾಗುವ ಮೊದಲೇ ಹಂಚಿಕೆಯಾಗುತ್ತವೆ. ಒಮ್ಮೆ ಸ್ವಂತ ಖರ್ಚಿನಲ್ಲಿ ಸೇರಿದವರನ್ನು ಅನೇಕ ಯೋಜನೆಗಳು ಅರ್ಹರೆಂದೇ ಪರಿಗಣಿಸುವುದಿಲ್ಲ.

ನಿಮ್ಮ ಪತ್ರದಲ್ಲಿ ಪ್ರವೇಶ ಒಂದು ಕೆಲಸ, ಹಣ ಇನ್ನೊಂದು ಕೆಲಸ ಎಂಬ ತಿಳಿವಳಿಕೆ ಕಾಣುತ್ತದೆ. ಸ್ನಾತಕೋತ್ತರ ಕೋರ್ಸಿನ ಮಟ್ಟಿಗೆ ಅದು ನಿಜ. ಆದರೆ ವಿಜ್ಞಾನದ ಪಿಎಚ್.ಡಿ. ಮಟ್ಟಿಗೆ ಇವೆರಡೂ ಒಂದೇ ತೀರ್ಮಾನ. ಒಂದು ಸಂಶೋಧನಾ ಗುಂಪು ನಿಮ್ಮನ್ನು ನಿಜಕ್ಕೂ ಬಯಸಿದ್ದರೆ ನಿಮ್ಮ ಹೊಟ್ಟೆಬಟ್ಟೆಯ ದಾರಿಯನ್ನೂ ಅದು ಯೋಚಿಸಿರುತ್ತದೆ. ಹಾಗಾಗಿ ವಿಶ್ವವಿದ್ಯಾಲಯಗಳನ್ನು ಹುಡುಕುವ ಬದಲು ಸಂಬಳವಿರುವ ಸ್ಥಾನಗಳನ್ನು ಹುಡುಕಿ.

ನಿಮ್ಮ ವಿಷಯಕ್ಕೆ ಮತ್ತು ಪರಿಸ್ಥಿತಿಗೆ ನಾನು ಮೊದಲು ಸೂಚಿಸುವುದು ಜರ್ಮನಿಯನ್ನು. ಅಲ್ಲಿನ ಸಾರ್ವಜನಿಕ ವಿಶ್ವವಿದ್ಯಾಲಯಗಳು ಪಿಎಚ್.ಡಿ. ವಿದ್ಯಾರ್ಥಿಗಳಿಂದ ಬೋಧನಾ ಶುಲ್ಕ ಪಡೆಯುವುದಿಲ್ಲ. ಪ್ರತಿ ಸೆಮಿಸ್ಟರಿಗೆ ಕೆಲವು ನೂರು ಯೂರೋಗಳ ಒಂದು ವಂತಿಗೆ ಇರುತ್ತದೆ. ರಸಾಯನಶಾಸ್ತ್ರದಲ್ಲಿ ಬಹುತೇಕರು ಸಂಬಳದ ಒಪ್ಪಂದದ ಮೇಲೆ ಸಂಶೋಧನೆ ಮಾಡುತ್ತಾರೆ. ಜಾಹೀರಾತುಗಳಲ್ಲಿ 'ಟಿವಿ-ಎಲ್ ಇ13, 65%' ಎಂದು ಇರುವುದನ್ನು ನೀವು ನೋಡಿರಬಹುದು. ಟಿವಿ-ಎಲ್ ಎನ್ನುವುದು ಅಲ್ಲಿನ ರಾಜ್ಯ ಸರ್ಕಾರಗಳ ವೇತನ ಒಪ್ಪಂದ, ಇ13 ಅದರಲ್ಲಿನ ಒಂದು ವೇತನಶ್ರೇಣಿ, ಶೇಕಡಾವಾರು ಎನ್ನುವುದು ಆ ವೇತನದಲ್ಲಿ ನಿಮಗೆ ಸಿಗುವ ಪಾಲು. 65% ಆದರೆ ತೆರಿಗೆ, ವಿಮೆ ಕಳೆದು ತಿಂಗಳಿಗೆ ಸುಮಾರು ಎರಡು ಸಾವಿರ ಯೂರೋ ಕೈಗೆ ಬರುತ್ತದೆ. ಒಬ್ಬರ ಜೀವನಕ್ಕೆ ಇದು ಸಾಕು. ಸ್ವಂತ ಹಣದಲ್ಲಿ ಹೋಗುವ ವಿದ್ಯಾರ್ಥಿಗಳು ವೀಸಾಕ್ಕಾಗಿ 11,904 ಯೂರೋಗಳನ್ನು ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ) ಇಡಬೇಕಾಗುತ್ತದೆ. ಸಾಕಷ್ಟು ವೇತನದ ಒಪ್ಪಂದ ಕೈಯಲ್ಲಿದ್ದವರಿಗೆ ಆ ತಾಪತ್ರಯವಿಲ್ಲ.

ಅಲ್ಲಿ ಪ್ರವೇಶದ ಕ್ರಮ ನಮ್ಮದಕ್ಕಿಂತ ಬೇರೆ. ಪ್ರವೇಶ ಪರೀಕ್ಷೆ, ಕೌನ್ಸೆಲಿಂಗ್ ಎಂಬುದಿಲ್ಲ. ಮೊದಲು ಒಬ್ಬ ಪ್ರಾಧ್ಯಾಪಕರು ಮಾರ್ಗದರ್ಶನಕ್ಕೆ ಲಿಖಿತವಾಗಿ ಒಪ್ಪಬೇಕು, ಆಮೇಲೆ ವಿಭಾಗವು ನಿಮ್ಮ ಎಂ.ಎಸ್ಸಿ.ಯನ್ನು ಪರಿಶೀಲಿಸಿ ಅಭ್ಯರ್ಥಿಯಾಗಿ ನೋಂದಾಯಿಸಿಕೊಳ್ಳುತ್ತದೆ. ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳು ವಿಶ್ವವಿದ್ಯಾಲಯಗಳ ಜೊತೆಗೂಡಿ ನಡೆಸುವ ಸಂಶೋಧನಾ ಶಾಲೆಗಳಂಥ ಕಡೆಗಳಲ್ಲಿ ಮಾತ್ರ ನಿಗದಿತ ಕೊನೆಯ ದಿನಾಂಕ, ಸಂದರ್ಶನ ಎಲ್ಲವೂ ಇರುತ್ತವೆ. ಡಾಡ್ (DAAD) ಎಂದು ಕರೆಯುವ ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆಯ ಪಿಎಚ್.ಡಿ. ವಿದ್ಯಾರ್ಥಿವೇತನಕ್ಕೂ ಪ್ರಾಧ್ಯಾಪಕರ ಒಪ್ಪಿಗೆ ಪತ್ರ ಬೇಕು. ಕೊನೆಯ ಪದವಿ ಪಡೆದು ಸಾಮಾನ್ಯವಾಗಿ ಆರು ವರ್ಷ ಮೀರಿರಬಾರದು ಎಂಬ ನಿಯಮ ಅಲ್ಲಿದೆ. ನಿಮ್ಮದು 2022ರ ಪದವಿಯಾದ್ದರಿಂದ ಇದನ್ನು ಮುಂದೂಡುತ್ತ ಹೋಗಬೇಡಿ.

7.6 ಸಾಲದೇನೋ ಎಂಬ ಅಳುಕು ನಿಮ್ಮ ಮೇಲ್‌ನಲ್ಲಿ ಕಾಣುತ್ತದೆ. ಜರ್ಮನಿಯಲ್ಲಿ 1 ಅತ್ಯುತ್ತಮ, 4 ಕೊನೆಯ ಪಾಸು. ಪರಿವರ್ತನೆಗೆ ಬವೇರಿಯನ್ ಸೂತ್ರವನ್ನು ಬಳಸುತ್ತಾರೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆದು, ಗರಿಷ್ಠದಿಂದ ಪಾಸಿನ ಅಂಕ ಕಳೆದದ್ದರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಬೇಕು. ನಿಮ್ಮ ವಿಶ್ವವಿದ್ಯಾಲಯದಲ್ಲಿ ಪಾಸಿಗೆ 4 ಎಂದಿದ್ದರೆ 2.4ನ್ನು 6ರಿಂದ ಭಾಗಿಸಿದಾಗ 0.4, ಅದರ ಮೂರರಷ್ಟು 1.2, ಒಂದು ಕೂಡಿದರೆ 2.2. ಅದು 'ಒಳ್ಳೆಯದು' ಎಂಬ ದರ್ಜೆ. ಪಾಸಿನ ಅಂಕ 5 ಎಂದು ತಪ್ಪಾಗಿ ತುಂಬಿದರೆ ಅದೇ ಅಂಕಪಟ್ಟಿ 2.44 ಆಗಿಬಿಡುತ್ತದೆ. ಆದ್ದರಿಂದ ಶ್ರೇಣೀಕರಣದ ವಿವರವಿರುವ ದೃಢೀಕೃತ ಪತ್ರವನ್ನು ಪರೀಕ್ಷಾಂಗದಿಂದ ಈಗಲೇ ಪಡೆದುಕೊಳ್ಳಿ. ನಮ್ಮಲ್ಲಿ ಅದಕ್ಕೆ ವಾರಗಳೇ ಹಿಡಿಯುತ್ತವೆ.

ಅರವತ್ತು ಮೇಲ್‌ಗಳಿಗೆ ಉತ್ತರ ಬಾರದಿರಲು ಅಂಕ ಕಾರಣವಲ್ಲ, ಆ ಮೇಲ್ ಕಾರಣ. ನೀವು ಕಳಿಸಿದ ಪ್ರತಿಯಲ್ಲಿ ಪ್ರಾಧ್ಯಾಪಕರ ಹೆಸರಿನ ಅಕ್ಷರಗಳು ಉಳಿದ ಅಕ್ಷರಗಳಿಗಿಂತ ದೊಡ್ಡದಾಗಿವೆ, ಬಣ್ಣವೂ ಬೇರೆ. ಬೇರೆಡೆಯಿಂದ ತಂದು ಅಂಟಿಸಿದ್ದು ಓದುವವರಿಗೆ ಮೊದಲ ಸಾಲಿನಲ್ಲೇ ತಿಳಿಯುತ್ತದೆ. ನಂತರದ ಎರಡು ಪ್ಯಾರಾಗಳಲ್ಲಿ ನಿಮ್ಮ ಆಸಕ್ತಿ, ಶ್ರದ್ಧೆ, ಕಷ್ಟಸಹಿಷ್ಣುತೆಯ ಮಾತುಗಳಿವೆ. ಅಡಿಕೆ ಸಿಪ್ಪೆಯ ವಿಷಯ ಎಲ್ಲಿಯೂ ಇಲ್ಲ! ನನಗೆ ನಿಜಕ್ಕೂ ಸಂಕಟವಾಯಿತು, ಏಕೆಂದರೆ ನಿಮ್ಮಲ್ಲಿ ಹೇಳಲು ಸಂಗತಿ ಇದೆ. ಸಿಪ್ಪೆಯನ್ನು ಎಷ್ಟು ಉಷ್ಣತೆಯಲ್ಲಿ ಸುಟ್ಟಿರಿ, ಯಾವ ರಾಸಾಯನಿಕದಿಂದ ಸಂಸ್ಕರಿಸಿದಿರಿ, ಲೀಟರಿಗೆ ಎಷ್ಟು ಮಿಲಿಗ್ರಾಂ ಇದ್ದ ಫ್ಲೋರೈಡ್ ಎಷ್ಟಕ್ಕೆ ಇಳಿಯಿತು, ಒಮ್ಮೆ ಬಳಸಿದ ಇದ್ದಿಲನ್ನು ಮತ್ತೆ ಬಳಸಿದಾಗ ಏನಾಯಿತು, ಯಾವುದು ಕೈಕೊಟ್ಟಿತು ಎಂಬುದನ್ನು ಐದಾರು ವಾಕ್ಯಗಳಲ್ಲಿ ಬರೆಯಿರಿ. ಆ ಪ್ರಾಧ್ಯಾಪಕರ ಇತ್ತೀಚಿನ ಒಂದು ಲೇಖನವನ್ನು ಪೂರ್ತಿ ಓದಿ, ನಿಮ್ಮ ಕೆಲಸ ಅದಕ್ಕೆ ಎಲ್ಲಿ ತಾಗುತ್ತದೆ ಎಂದು ಒಂದು ವಾಕ್ಯದಲ್ಲಿ ಹೇಳಿ. ಕೊನೆಗೆ, ಮುಂದಿನ ವರ್ಷ ಸಂಬಳದ ಸ್ಥಾನ ತೆರೆಯುವ ಸಾಧ್ಯತೆ ಇದೆಯೇ ಅಥವಾ ಡಾಡ್ ಅರ್ಜಿಗೆ ಒಪ್ಪಿಗೆ ನೀಡುವಿರಾ ಎಂದು ನೇರವಾಗಿ ಕೇಳಿ. ಹೀಗೆ ಬರೆದರೆ ವಾರಕ್ಕೆ ಎರಡು ಮೇಲ್ ಕಳಿಸುವುದೇ ಹೆಚ್ಚು, ಅಷ್ಟೇ ಸಾಕು.

ಶಿಫಾರಸು ಪತ್ರದ ಬಗ್ಗೆಯೂ ಒಂದು ಮಾತು. 'ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ' ಎನ್ನುವ ರೂಢಿ ನಮ್ಮಲ್ಲಿದೆ. ಅದಕ್ಕೆ ಒಪ್ಪಬೇಡಿ. ನಿಮ್ಮ ಪ್ರಾಜೆಕ್ಟಿನ ಒಂದು ಪುಟದ ಟಿಪ್ಪಣಿಯನ್ನು ಗೈಡ್ ಅವರ ಕೈಗೆ ಕೊಟ್ಟು, ಪತ್ರವನ್ನು ಅವರೇ ತಮ್ಮ ಸಂಸ್ಥೆಯ ಮೇಲ್‌ನಿಂದ ಕಳಿಸುವಂತೆ ವಿನಂತಿಸಿ.

ಅಮೆರಿಕದಲ್ಲಿ ಬೋಧನಾ ಸಹಾಯಕರಾಗಿ ದುಡಿದರೆ ಶುಲ್ಕವೂ ಮಾಫಿ, ಜೀವನಕ್ಕೂ ಹಣ. ಅರ್ಜಿಗಳು ಬಹುತೇಕ ಡಿಸೆಂಬರಿನಲ್ಲಿ ಮುಗಿಯುತ್ತವೆ. ಆದರೆ ಅಲ್ಲಿ 2025ರಲ್ಲಿ ಸಂಶೋಧನಾ ಅನುದಾನಗಳಿಗೆ ಕತ್ತರಿ ಬಿದ್ದು ಹಲವು ವಿಶ್ವವಿದ್ಯಾಲಯಗಳು ಪಿಎಚ್.ಡಿ. ಸೀಟುಗಳನ್ನು ಇಳಿಸಿದವು; ಅದೊಂದನ್ನೇ ನಂಬಿ ಕೂರಬೇಡಿ. ಬ್ರಿಟನ್ನಿನಲ್ಲೂ ಸರ್ಕಾರಿ ಸಂಶೋಧನಾ ಮಂಡಳಿಗಳ ಪೂರ್ಣ ವಿದ್ಯಾರ್ಥಿವೇತನಗಳು 2021ರಿಂದ ವಿದೇಶಿಯರಿಗೆ ತೆರೆದಿವೆ, ಆದರೆ ವಿದೇಶಿಯರ ಪಾಲು ಸಾಮಾನ್ಯವಾಗಿ ಶೇ. 30 ಮೀರುವಂತಿಲ್ಲ. ಯುರೋಪಿಯನ್ ಒಕ್ಕೂಟದ ಹಣದಲ್ಲಿ ನಡೆಯುವ ಮೇರಿ ಕ್ಯೂರಿ ಜಾಲದ ಸಂಬಳದ ಪಿಎಚ್.ಡಿ. ಸ್ಥಾನಗಳಿಗೆ ನೀವು ಸೇರುವ ದೇಶದಲ್ಲಿ ಹಿಂದಿನ 36 ತಿಂಗಳುಗಳಲ್ಲಿ 12ಕ್ಕಿಂತ ಹೆಚ್ಚು ತಿಂಗಳು ವಾಸಿಸಿರಬಾರದು. ಊರಲ್ಲೇ ಇರುವ ನಿಮಗೆ ಇದು ಅನುಕೂಲವೇ. ನೀವು ಪರಿಶಿಷ್ಟ ಜಾತಿಗೆ ಸೇರಿದವರಾದರೆ, ವಾರ್ಷಿಕ ಆದಾಯ ಎಂಟು ಲಕ್ಷದೊಳಗಿರುವ ಕುಟುಂಬಗಳಿಗಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಪರಿಶಿಷ್ಟ ಪಂಗಡದವರಿಗೆ ಬೇರೆ ಯೋಜನೆಯಿದೆ. ಸಮಾಜ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಇದರ ಜೊತೆಗೇ ನಮ್ಮ ದೇಶದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಸಿಎಸ್ಐಆರ್-ನೆಟ್ ಕಟ್ಟಿ. ಇದನ್ನು ಸೋಲಿನ ದಾರಿಯೆಂದು ದಯವಿಟ್ಟು ಎಣಿಸಬೇಡಿ. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಮನೆಬಾಡಿಗೆ ಭತ್ಯೆ ಬೇರೆ. ಇಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡವರಿಗೆ ಫುಲ್‌ಬ್ರೈಟ್-ನೆಹರು ಡಾಕ್ಟರಲ್ ಫೆಲೋಶಿಪ್‌ನಂಥ ಯೋಜನೆಗಳಲ್ಲಿ ಆರರಿಂದ ಒಂಬತ್ತು ತಿಂಗಳು ಹೊರಗೆ ಹೋಗಿ ಕೆಲಸ ಮಾಡಿ ಬರುವ ಅವಕಾಶವಿದೆ.

ಈಗ ಕೈಯಲ್ಲಿರುವ ಪ್ರವೇಶಪತ್ರದ ವಿಷಯ. ಏಜೆಂಟರನ್ನು ಬಿಟ್ಟು ನೀವೇ ಆ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳ ಕಚೇರಿಗೆ ಮತ್ತು ಪತ್ರದಲ್ಲಿ ಹೆಸರಿರುವ ಮಾರ್ಗದರ್ಶಕರಿಗೆ ಮೇಲ್ ಬರೆದು ಎರಡು ಪ್ರಶ್ನೆ ಕೇಳಿ: ಈ ಪ್ರವೇಶಕ್ಕೆ ಯಾವುದಾದರೂ ವಿದ್ಯಾರ್ಥಿವೇತನದ ಸ್ಪರ್ಧೆಯಲ್ಲಿ ನನ್ನನ್ನು ಸೇರಿಸಬಹುದೇ, ಇಲ್ಲವಾದರೆ ಪ್ರವೇಶವನ್ನು ಒಂದು ವರ್ಷ ಮುಂದೂಡಬಹುದೇ? ಲಿಖಿತ ಉತ್ತರ ಬರುವವರೆಗೆ ಠೇವಣಿ ಕಟ್ಟಬೇಡಿ, ತೋಟದ ಪಹಣಿಯನ್ನು ಬ್ಯಾಂಕಿಗೆ ಕೊಡುವುದು ಬೇಡವೆಂದು ತಂದೆಯವರಿಗೆ ಇವತ್ತೇ ಹೇಳಿ. ಹೊಸ ಮೇಲ್ ಬರೆದಾದ ಮೇಲೆ ನನಗೊಂದು ಪ್ರತಿ ಕಳಿಸಿದರೆ ಓದಿ ತಿದ್ದಿ ಕೊಡುತ್ತೇನೆ.